ನೆಲ ಕುಟ್ಟಿ ನೋಡಿ ಕೊಂಡ ಮನೆ

ಮನೆ ಕೊಳ್ಳಲು ಹೊರಟವರ ಹಿಂದೆ ಒಂದಲ್ಲ ಒಂದು ತಮಾಷೆ ಬಂದೇ ಬರುತ್ತದೆ. ಬೇರೆಯವರ ವಿಷಯ ನನಗೆ ಗೊತ್ತಿಲ್ಲ, ನಮ್ಮ ಮನೆಯವರ ಹಿಂದಂತೂ ಸೇಲಂ ಪೇಟೆಯ ಬೀದಿ ಬೀದಿಗೂ ಬಂತು. ಮೊಮ್ಮಕ್ಕಳು ಕೇಳಿದಾಗೆಲ್ಲ ಹೇಳಿ ಹೇಳಿ ನನಗೇ ಬಾಯಿಪಾಠವಾಗಿದೆ. ಆದರೂ ಹೇಳುವಾಗ ನಗು ಬರುವುದು ನಿಂತಿಲ್ಲ.

ಆಗ ನಾನು ಹೊಸ ಸೊಸೆ. ಮೇಟೂರಿನಲ್ಲಿ ಕಾವೇರಿಗೆ ಕಟ್ಟೆ ಕಟ್ಟಿ ಮುಗಿಸಿದ ಕಾಲ. ನಮ್ಮದು ಕನ್ನಡ ಮಾತಾಡುವ ನೇಕಾರರ ಮನೆ. ಮನೆಗೆ ಯಜಮಾನಿ ಅಜ್ಜಿ, ಅಂದರೆ ನನ್ನ ಮಾವನ ತಾಯಿ. ಅವಳ ದೊಡ್ಡ ಮಗ ನನ್ನ ಮಾವ, ಸಣ್ಣ ಮಗ ಚಿಕ್ಕಮಾವ. ಮಾವನ ಸಂಸಾರ, ಚಿಕ್ಕಮಾವನ ಸಂಸಾರ, ಅದರೊಳಗೆ ಈಗತಾನೇ ಮೊಳೆತ ನಮ್ಮ ಸಂಸಾರ, ಎಲ್ಲವೂ ಒಂದೇ ಬಾಡಿಗೆ ಮನೆಯಲ್ಲಿ.

ನಮ್ಮದು ನೆಲಕ್ಕೆ ಕೂತು ನೇಯುವ ಮಗ್ಗ. ಕಾಲು ಇಳಿಬಿಟ್ಟು ಹಲಗೆ ತುಳಿಯಲು ನೆಲದಲ್ಲಿ ಗುಂಡಿ ತೋಡಿರಬೇಕು. ಆ ಬಾಡಿಗೆ ಮನೆಯಲ್ಲಿ ಗುಂಡಿ ಎರಡೇ, ನೇಯುವ ಗಂಡಸರು ನಾಲ್ವರು. ಉಳಿದಿಬ್ಬರು ಬೇರೆಯವರ ಮನೆಯಲ್ಲಿ ಗುಂಡಿ ಹಿಡಿದು ನೇಯುತ್ತಿದ್ದರು. ಚಿಕ್ಕಮಾವನಿಗೆ ಹೆಣ್ಣು ಕೊಟ್ಟವರು ಧರ್ಮಪುರಿಯಲ್ಲಿದ್ದರು. ಅಲ್ಲೊಂದು ಮನೆ ಖಾಲಿ ಇದೆ, ಬಂದುಬಿಡಿ ಎಂದು ಅವರು ಹೇಳಿ ಕಳುಹಿಸುತ್ತಲೇ ಇದ್ದರು. ದೀಪಾವಳಿಯೊಳಗೆ ಎಲ್ಲ ಮಗ್ಗಕ್ಕೂ ಜಾಗವಿರುವ ಮನೆ ಸಿಗದಿದ್ದರೆ ಹೊರಡುವುದೇ ಸರಿ ಎಂದು ಚಿಕ್ಕಮಾವ ಒಂದು ದಿನ ಊಟಕ್ಕೆ ಕೂತಾಗ ಹೇಳಿದರು. ಜಗಳವೇನಿಲ್ಲ, ಕಾಲು ಚಾಚಲು ಜಾಗವಿಲ್ಲ ಅಷ್ಟೆ. ಅಜ್ಜಿ ಕೈತುತ್ತು ತಟ್ಟೆಗೆ ಹಾಕಿದಳು.

"ನಾನ್ ಸತ್ ಮ್ಯಾಲೆ ಯಾರ್ ಎಲ್ಗಾದ್ರೂ ಓಗಿ. ನಾನಿರೋಗಂಟ ಒಂದೇ ಬಾಗ್ಲು, ಒಂದೇ ಒಲೆ. ನಾಕ್ ಮಗ್ಗದ್ ಸದ್ದು ಕೇಳ್ಕೊಂಡು ಸ್ವಂತ ಮನೇಲಿ ಸಾಯ್ಬೇಕು ನಾನು."

ಅವಳು ಇನ್ನೂ ಗಟ್ಟಿಮುಟ್ಟಾಗಿದ್ದಳು, ಸಾಯುವ ಯೋಚನೆ ಅವಳನ್ನು ಬಿಟ್ಟು ಯಾರಿಗೂ ಇರಲಿಲ್ಲ. ಆದರೂ ಮರುದಿನದಿಂದಲೇ ಮನೆ ಹುಡುಕಾಟ ಶುರುವಾಯಿತು. ಮಾವ, ಅಜ್ಜಿ, ಜೊತೆಗೆ ಒಬ್ಬ ದಲ್ಲಾಳಿ. ಅಜ್ಜಿಗೆ ಕಣ್ಣು ಮಂಜು, ಕೈ ಹಿಡಿದು ನಡೆಸಲು ನಾನು. ನನಗೂ ಒಂದು ಆಸೆ ಇತ್ತು: ಅಡುಗೆಮನೆ ಸ್ವಲ್ಪ ದೊಡ್ಡದಾಗಿರಲಿ ಅಂತ. ನಮ್ಮ ಅಡುಗೆಮನೆಯಲ್ಲಿ ಇಬ್ಬರು ನಿಂತರೆ ಮೂರನೆಯವಳು ಹಿತ್ತಿಲಲ್ಲಿ ನಿಂತು ಸೊಪ್ಪು ಹೆಚ್ಚಬೇಕಾಗಿತ್ತು. ಆದರೆ ಹೊಸ ಸೊಸೆಯನ್ನು ಅದನ್ನೆಲ್ಲ ಕೇಳುವವರು ಯಾರು.

೧. ಒದ್ದೆ ಗೋಡೆ

ದಲ್ಲಾಳಿಗೆ ಪ್ರತಿ ಮನೆಗೂ ಒಂದೇ ಮಾತು. "ಲಕ್ಷ್ಮಿ ಕಾಲ್ ಮುರ್ಕೊಂಡ್ ಬಿದ್ದಿರೋ ಮನೆ ಅಮ್ಮಾ" ಅನ್ನುತ್ತಿದ್ದ. ಹಾಗಾದರೆ ಮೊದಲು ಅವಳ ಕಾಲಿಗೆ ಕಟ್ಟು ಕಟ್ಟಿಸು ಎಂದು ಅಜ್ಜಿ ಹೇಳುತ್ತಿದ್ದಳು. ಅವನು ಕೊಡೆ ಬಗಲಿಗಿಟ್ಟು ನಗುತ್ತಿದ್ದ. ಬಿಸಿಲಿರಲಿ ಮಳೆ ಇರಲಿ, ಆ ಕೊಡೆ ಬಿಚ್ಚಿದ್ದನ್ನು ನಾನು ನೋಡಲಿಲ್ಲ.

ಮೊದಲು ತೋರಿಸಿದ್ದು ಗುಗೈ ಕಡೆಯ ಒಂದು ಹಳೆ ಮನೆ. ಮಾರುವವರು ಹಿಂದಿನ ದಿನವಷ್ಟೇ ಒಳಗೆ ಹೊರಗೆ ಸುಣ್ಣ ಹೊಡೆಸಿದ್ದರು. ಸುಣ್ಣದ ವಾಸನೆಗೆ ನನಗೆ ಸೀನು ಬಂತು. ಯಜಮಾನರು ಗೋಡೆ ತಟ್ಟಿ ತಟ್ಟಿ ತೋರಿಸಿದರು. ಎಷ್ಟು ಮಳೆ ಬಂದರೂ ಹನಿ ಒದ್ದೆ ಇಲ್ಲವಂತೆ. ಒಳಗೆ ಮೆಣಸಿನಕಾಯಿ ಹರಡಿದರೂ ಒಣಗುತ್ತದಂತೆ. ಅವರು ಹೊಗಳಿದಷ್ಟೂ ಮಾವನ ಮುಖ ಸಪ್ಪಗಾಗುತ್ತಾ ಹೋಯಿತು.

ಅಜ್ಜಿ ಸೊಂಟಕ್ಕೆ ಸಿಕ್ಕಿಸಿದ್ದ ಗಂಟಿನಿಂದ ಒಂದು ಎಳೆ ನೂಲು ತೆಗೆದಳು. ಅದನ್ನು ಪಡಸಾಲೆಯ ಎರಡು ಮೊಳೆಗೆ ಎಳೆದು ಕಟ್ಟಿಸಿದಳು. ಆಮೇಲೆ ಕಂಬಕ್ಕೊರಗಿ ಎಲೆ ಅಡಿಕೆ ಹಾಕಿಕೊಂಡು ಕೂತಳು. ಯಜಮಾನರಿಗೆ ಇದು ಯಾವ ಪೂಜೆ ಎಂದು ತಿಳಿಯಲಿಲ್ಲ. ಪಾಪ, ಕೈ ಮುಗಿದು ಅವರೂ ಪಕ್ಕದಲ್ಲಿ ನಿಂತರು. ಎಲೆ ಅಡಿಕೆ ಮುಗಿದ ಮೇಲೆ ಅಜ್ಜಿ ಎದ್ದು ಎಳೆಯನ್ನು ಬೆರಳಿನಿಂದ ಮೀಟಿದಳು. ಪಟ್ಟನೆ ಕಡಿಯಿತು.

"ವೇಂಡಾಂ, ಬ್ಯಾಡ. ಒಣಕ್ಲು ಮನೆ," ಅಂದಳು.

ಸೇಲಂ ಬಿಸಿಲಲ್ಲಿ ಮಗ್ಗದ ಮೇಲಿನ ಎಳೆ ಒಣಗಿದರೆ ಮೀಟುವ ಮುಂಚೆಯೇ ಕಡಿಯುತ್ತದೆ. ದಿನವೆಲ್ಲ ಗಂಟು ಹಾಕುವುದೇ ಕೆಲಸವಾಗುತ್ತದೆ. ಅದಕ್ಕೇ ನೇಕಾರರಿಗೆ ತಂಪು ಹಿಡಿದ ಮನೆಯೇ ಮನೆ. ದಲ್ಲಾಳಿ ಯಜಮಾನರ ಕಿವಿಯಲ್ಲಿ ಇದನ್ನು ಊದಿದ. ಅವರು ಒಂದು ಗಳಿಗೆ ಬಾಯಿ ತೆರೆದುಕೊಂಡು ನಿಂತರು, ಮರುಗಳಿಗೆ ಓಡಿಹೋಗಿ ಮೂಲೆಯಲ್ಲಿದ್ದ ದೊಡ್ಡ ಮಣ್ಣಿನ ರಾಗಿ ವಾಡೆಯನ್ನು ಒಬ್ಬರೇ ಪಕ್ಕಕ್ಕೆ ತಳ್ಳಿದರು. ಅದರ ಹಿಂದೆ ಎಮ್ಮೆ ಗಾತ್ರದ ಒದ್ದೆ ಕಲೆ.

"ನೋಡಿ ಅಮ್ಮಾ, ಒಸರ್ತೈತೆ. ನನ್ನಾಣೆ ಒಸರ್ತೈತೆ. ಅಯ್ಪಸಿ ಮಳೆ ತಿಂಗ್ಳಲ್ಲಿ ಮುಟ್ಟಿದ್ರೆ ಕೈಯೆಲ್ಲ ನೀರು."

ಒಳಗಿನಿಂದ ಅವರ ಹೆಂಡತಿ ಸೂರು ಸೋರುವುದನ್ನೂ ಹೇಳಿ ಎಂದು ನೆನಪು ಮಾಡಿದರು. ಯಜಮಾನರು ಅದನ್ನೂ ಹೇಳಿದರು. ಹಿತ್ತಿಲ ಗೋಡೆ ಹೋದ ಮಳೆಗಾಲದಲ್ಲಿ ಬಿದ್ದಿದ್ದನ್ನೂ ಹೇಳಿದರು. ಇಷ್ಟು ಸಂತೋಷದಿಂದ ತಮ್ಮ ಮನೆಯನ್ನು ತಾವೇ ಹಳಿದುಕೊಂಡವರನ್ನು ನಾನು ಇವತ್ತಿನವರೆಗೆ ನೋಡಿಲ್ಲ. ಆದರೆ ಒದ್ದೆ ಇದ್ದದ್ದು ಆ ಮೂಲೆಯೊಂದೇ, ಮಗ್ಗ ಹಾಕುವ ಪಡಸಾಲೆ ಹಪ್ಪಳದಂತೆ ಒಣಗಿತ್ತು. ನಾವು ಬೀದಿಗಿಳಿದ ಮೇಲೂ ಅವರು ಹಿಂದೆಯೇ ಬಂದರು. ಬೇಕಾದರೆ ದಿನವೂ ಬಂದು ಪಡಸಾಲೆ ಗೋಡೆಗೆ ತಾವೇ ಕೊಡದಲ್ಲಿ ನೀರು ಹೊಯ್ದು ಹೋಗುವುದಾಗಿ ಮಾತು ಕೊಟ್ಟರು.

೨. ಸೊಟ್ಟ ಬೀದಿ

ಎರಡನೆಯದು ಎಲ್ಲ ರೀತಿಯಲ್ಲೂ ಒಳ್ಳೆಯ ಮನೆ ಎಂದು ದಲ್ಲಾಳಿ ಹೇಳಿದ. ಹೇಗಿತ್ತೋ ನನಗೆ ಗೊತ್ತಿಲ್ಲ, ನಾನು ಅದರ ಒಳಗೆ ಹೋಗಲೇ ಇಲ್ಲ.

ಮಾರುವವರು ಪಾಪ, ಮರ್ಯಾದಸ್ಥರು. ಬಾಗಿಲಿಗೆ ರಂಗೋಲಿ ಹಾಕಿಸಿ, ಜಗಲಿಗೆ ಜಮಖಾನ ಹಾಸಿ, ಕಾಫಿ ಮಾಡಿಸಿ ಕಾಯುತ್ತಿದ್ದರು. ಆಗ ಕಾಫಿ ಎಂದರೆ ಬೀಗರಿಗೆ ಮಾತ್ರ. ಮಾವ ಅವರಿಗೆ ಕೈ ಮುಗಿದರು, ಹಾಗೇ ಮುಂದೆ ನಡೆದರು. ಬೀದಿಯ ಆ ತುದಿಯವರೆಗೆ ಹೋಗಿ ತಿರುಗಿ ಈ ತುದಿಯವರೆಗೆ ಬಂದರು. ಒಂದು ಕಣ್ಣು ಮುಚ್ಚಿ ಉದ್ದಕ್ಕೂ ನೋಡಿದರು. ಮನೆಯವರು ಕಾಫಿ ಲೋಟ ಹಿಡಿದು ಎದ್ದು ನಿಂತರು. ಮಾವ ಮತ್ತೆ ಕೈ ಮುಗಿದು ಮತ್ತೆ ದಾಟಿ ಹೋದರು.

ನೇಯುವ ಮುಂಚೆ ಹಾಸು ಹಾಕಬೇಕು. ಅಂದರೆ ಬೆಳಗಿನ ತಂಪಿನಲ್ಲಿ ನೂಲನ್ನೆಲ್ಲ ಬೀದಿಯುದ್ದಕ್ಕೂ ಬಿಗಿಯಾಗಿ ಎಳೆದು ಕಟ್ಟಿ, ಗಂಜಿ ಹಚ್ಚಿ, ಕುಂಚದಿಂದ ಉಜ್ಜಬೇಕು. ಬೀದಿ ನೆಟ್ಟಗಿರದಿದ್ದರೆ ನೂಲು ಯಾರದೋ ಜಗಲಿಯೊಳಗೆ ನುಗ್ಗುತ್ತದೆ. ಹಾಗಾಗಿ ನಮ್ಮವರು ಮೊದಲು ನೋಡುವುದು ಬೀದಿ, ಆಮೇಲೆ ಮನೆ. ಆ ಬೀದಿ ನಡುವೆ ಒಂದು ಬೇವಿನ ಮರಕ್ಕೆ ದಾರಿ ಬಿಟ್ಟು ಬಳುಕಿತ್ತು.

ಮೂರನೆಯ ಸಲ ದಾಟುವಾಗ ಆ ಮನೆಯವರಿಗೆ ತಡೆಯಲಾಗಲಿಲ್ಲ. ಮನೆ ಇಲ್ಲಿದೆ, ನೀವು ಹುಡುಕುತ್ತಿರುವುದು ಏನನ್ನು ಎಂದು ಕೇಳಿದರು. ಬೀದಿ ಸೊಟ್ಟಗಿದೆ ಎಂದು ಮಾವ ಬೇಜಾರಿನಿಂದಲೇ ಹೇಳಿದರು. ಅವರಿಗೆ ಸಿಟ್ಟು ಬಂತು. ಬರಬೇಕಾದದ್ದೇ.

"ಏನ್ ಸಾಮಿ, ನಾನ್ ಮಾರ್ತಿರೋದು ಮನೇನಾ ಬೀದೀನಾ?"

ಮಾವ ಯಾರ ಮನಸ್ಸನ್ನೂ ನೋಯಿಸುವವರಲ್ಲ. ತುಂಬ ಮೆತ್ತಗೆ ಹೇಳಿದರು: "ಮನೆ ನಮ್ಗೆ ಪಿಡಿಚೈತೆ ಸಾಮಿ. ಬೀದಿ ಒಂದ್ ನೆಟ್ಟಗ್ ಮಾಡ್ಸಿ ಕೊಡಿ, ನಾಳೇನೇ ತಗೊಂತೀವಿ."

ಕಾಫಿ ಒಳಗೆ ವಾಪಸು ಹೋಯಿತು. ಅದರ ಘಮ ಮಾತ್ರ ಬೇವಿನ ಮರದವರೆಗೂ ನಮ್ಮ ಜೊತೆ ಬಂತು. ಮಾವನ ಮೇಲೆ ನನಗೆ ಆಗ ಬಂದ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ.

೩. ಮಗ್ಗ ಅನ್ನಬೇಡಿ

ಹೀಗೆ ಸುತ್ತಿ ಸುತ್ತಿ ಕಾಲು ಸೋತಿದ್ದಾಗ ಆ ದೊಡ್ಡ ಮನೆ ಸಿಕ್ಕಿತು.

ಮನೆ ಅಂದರೆ ಅದು ಮನೆ. ನೆಟ್ಟನೆಯ ಬೀದಿ. ಎರಡು ಕಡೆಯೂ ಜಗಲಿ. ನಡುವೆ ತೊಟ್ಟಿ, ಸುತ್ತ ನನ್ನ ತೋಳಿಗೆ ಸಿಗದಷ್ಟು ದಪ್ಪ ತೇಗದ ಕಂಬ. ಮಾರುವವರ ತಾತನ ತಾತ ಕಟ್ಟಿಸಿದ್ದಂತೆ. ಪಡಸಾಲೆಗೆ ಕಾಲಿಟ್ಟ ಕೂಡಲೇ ಅಂಗಾಲು ತಣ್ಣಗಾಯಿತು. ಅಜ್ಜಿ ಕಟ್ಟಿಸಿದ ಎಳೆ, ಅವಳು ಎಲೆ ಅಡಿಕೆ ಎರಡು ಸಲ ಹಾಕಿಕೊಂಡರೂ ಕಡಿಯಲಿಲ್ಲ. ಅವಳು ನನ್ನ ಕೈಯನ್ನು ಸುಮ್ಮನೆ ಒಮ್ಮೆ ಅಮುಕಿದಳು. ಈ ಮನೆ ಅವಳಿಗೆ ಬೇಕು ಎಂದು ನನಗೆ ತಿಳಿದುಹೋಯಿತು.

ಮಾರುವವರು ತಾಲೂಕು ಕಚೇರಿಯಲ್ಲಿದ್ದು ಪಿಂಚಣಿ ತೆಗೆದುಕೊಂಡವರು. ಮಗಳ ಊರಿಗೆ ಹೋಗಿ ಇರುವ ಯೋಚನೆಯಲ್ಲಿದ್ದರು. ಮನೆಯಲ್ಲಿ ಕನ್ನಡವನ್ನೇ ಆಡುವವರು, ಆದರೆ ಇಸ್ತ್ರಿ ಮಾಡಿದ ಕನ್ನಡ. ಅದು ದೊಡ್ಡ ಮನುಷ್ಯರ ಬೀದಿ. ನೇಕಾರರು ಎಂದು ತಿಳಿದರೆ, ಹಗಲೆಲ್ಲ ಟಕಟಕ ಸದ್ದು ಎಂದು ಅಕ್ಕಪಕ್ಕದವರು ಒಪ್ಪುವುದಿಲ್ಲ. ಆದ್ದರಿಂದ ದಲ್ಲಾಳಿ ನಮ್ಮನ್ನು ಜವಳಿ ವ್ಯಾಪಾರದವರು ಎಂದು ಹೇಳಿಬಿಟ್ಟಿದ್ದ. ಏನು ಬೇಕಾದರೂ ಕೇಳಿ, ಮಗ್ಗ ಎಂಬ ಮಾತು ಮಾತ್ರ ಬಾಯಿಂದ ಬರಬಾರದು ಎಂದು ಬಾಗಿಲಲ್ಲೇ ಎಚ್ಚರಿಸಿದ್ದ.

ಮಾವನಿಗೆ ಸುಳ್ಳು ಹೇಳಲು ಬರುವುದಿಲ್ಲ, ಆದರೆ ಹೇಳದೆ ಬಿಡಲು ಬರುತ್ತದೆ. ಅವರು ಗೋಡೆ ನೋಡಲಿಲ್ಲ, ಸೂರು ನೋಡಲಿಲ್ಲ, ಬಾವಿ ಇದೆಯೇ ಎಂದೂ ಕೇಳಲಿಲ್ಲ. ಪಡಸಾಲೆಯಲ್ಲಿ ಒಂದೊಂದೇ ಹೆಜ್ಜೆ ಇಡುತ್ತಾ ಹಿಮ್ಮಡಿಯಿಂದ ನೆಲ ಕುಟ್ಟಿ ಕಿವಿಗೊಟ್ಟರು. ಸೇಲಂ ನೆಲದಲ್ಲಿ ಎಲ್ಲಿ ಬಂಡೆ ಇದೆಯೋ ಹೇಳಲಾಗದು. ಗುಂಡಿ ತೋಡಲು ಹೋಗಿ ಬಂಡೆ ಸಿಕ್ಕರೆ ಕೊಂಡ ಮನೆ ದಂಡ. ಅಲ್ಲಲ್ಲಿ ನಿಂತು, "ಇಲ್ಲೊಂದು" ಎಂದು ತಮಗೆ ತಾವೇ ಅಂದುಕೊಂಡರು. ಸ್ವಲ್ಪ ಸರಿದು, "ಇಲ್ಲೂ ಐತೆ" ಅಂದರು. ಜಾಗ ಇದೆ ಅಂತ ಅವರ ಲೆಕ್ಕ.

ಪಿಂಚಣಿದಾರರು ತೂಗುಮಣೆಯ ಮೇಲೆ ಕೂತಿದ್ದವರು ತೂಗುವುದನ್ನು ನಿಲ್ಲಿಸಿದರು.

ಮಾವ ತಿರುಗಿ ಅವರನ್ನು ಕೇಳಿದರು: "ಈ ನೆಲಾನ ಇದಕ್ ಮುಂಚೆ ಯಾರಾದ್ರೂ ತೋಡವ್ರಾ ಸಾಮಿ?"

ಯಾಕೆ ಎಂದು ಅವರು ಕೇಳಿದರು. ಸುಮ್ಮನೆ ಎಂದು ಮಾವ ಹೇಳಿದರು. ಆಮೇಲೆ ಅಜ್ಜಿಯ ಕಿವಿಯಲ್ಲಿ, ಮಣ್ಣು ಮೆತ್ತಗಿದೆ, ಸೊಂಟದುದ್ದ ಇಳಿದರೆ ಸಾಕು ಎಂದು ಪಿಸುಗುಟ್ಟಿದರು. ಅಜ್ಜಿಗೆ ಕಿವಿ ಸ್ವಲ್ಪ ಮಂದ. ಹಾಗಾಗಿ ಮಾವನ ಪಿಸುಮಾತು ತೊಟ್ಟಿಯಾಚೆಗೂ ಕೇಳುತ್ತಿತ್ತು.

ಅಜ್ಜಿ ನನ್ನ ಕೈ ಬಿಡಿಸಿಕೊಂಡು, ಕೋಲೂರಿಕೊಂಡು ಒಬ್ಬಳೇ ಪೂರ್ವದ ಕಿಟಕಿಯ ಹತ್ತಿರ ಹೋದಳು. ಅಲ್ಲಿ ಕೋಲಿನಿಂದ ನೆಲ ಕುಟ್ಟಿದಳು. ಬಗ್ಗಿ ಅಂಗೈಯಿಂದ ಸವರಿದಳು. ಅವಳ ಮುಖ ಅರಳಿತು.

"ಇದು ನಂದು. ಇದ್ನ ಯಾರ್ಗೂ ಕೊಡಾಕಿಲ್ಲ," ಅಂದಳು.

ಎಲ್ಲರೂ ನೆಲ ನೋಡುತ್ತಿದ್ದಾಗ ನಾನು ಮಾತ್ರ ಮೆಲ್ಲಗೆ ಒಳಗೆ ಹೋಗಿ ಅಡುಗೆಮನೆ ನೋಡಿ ಬಂದೆ. ಮೂರು ಒಲೆ, ಗವಾಕ್ಷಿ, ಐದು ಜನ ಹೆಂಗಸರು ನಿಂತರೂ ಮೊಣಕೈ ತಾಗದಷ್ಟು ಜಾಗ. ಅಲ್ಲೇ ಕೂತು ಒಂದು ಗಳಿಗೆ ಅತ್ತುಬಿಡೋಣ ಅನ್ನಿಸಿತು. ಹೊರಗೆ ಬಂದಾಗ ಮಾವ ಸಂತೋಷ ತಡೆಯಲಾರದೆ ಹೇಳುತ್ತಿದ್ದರು: "ಗೋಡೆ ಯಂಗಾದ್ರೂ ಇರ್ಲಿ ಸಾಮಿ, ನಮ್ಗೆ ನೆಲ ಸಾಕು. ನೀವ್ ಹೇಳಿದ್ದೇ ಕ್ರಯ. ಬೀಗದ ಕೈ ಕೊಟ್ಟ ದಿನವೇ ತೋಡೋಕೆ ಶುರು ಮಾಡ್ತೀವಿ."

ಪಿಂಚಣಿದಾರರು ತೂಗುಮಣೆಯಿಂದ ಇಳಿದರು. ಮನೆ ಮಾರುವುದಿಲ್ಲ ಎಂದರು. ಈಗಷ್ಟೇ ಮನಸ್ಸು ಬದಲಾಯಿತು ಎಂದರು. ಮಗಳ ಊರಿನ ನೀರು ತಮಗೆ ಒಗ್ಗುವುದಿಲ್ಲ ಎಂದೂ ಸೇರಿಸಿದರು. ನಾವು ಬೀದಿಯಲ್ಲಿ ನಿಂತು ಇನ್ನೂ ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದೆವು, ಹಿಂದೆ ಅಗಳಿ ಬಿದ್ದ ಸದ್ದು ಕೇಳಿತು.

ಕ್ರಯ ಕೇಳಿದಷ್ಟೇ ಕೊಡುತ್ತೇವೆಂದರೂ ಮನೆ ಕೊಡದವರನ್ನು ದಲ್ಲಾಳಿ ತನ್ನ ಜನ್ಮದಲ್ಲಿ ನೋಡಿರಲಿಲ್ಲ. ದಾರಿಯುದ್ದಕ್ಕೂ ಅವನು ಕೊಡೆಯ ತುದಿಯಿಂದ ತಲೆ ಕೆರೆದುಕೊಂಡ. ಅವತ್ತು ಸಂಜೆ ಚಿಕ್ಕಮಾವ ಹಗ್ಗ ತಂದು ಜಗಲಿಯ ಮೇಲಿಟ್ಟರು, ಮಗ್ಗದ ಮರ ಕಟ್ಟಲು. ದೀಪಾವಳಿಗೆ ಇನ್ನು ಹೆಚ್ಚು ದಿನ ಇರಲಿಲ್ಲ.

೪. ಬಾಗಿಲು ನಮ್ಮದು

ಕೊನೆಯ ಪ್ರಯತ್ನ ಎಂದು ದಲ್ಲಾಳಿ ನಮ್ಮನ್ನು ಮೋಟಾರು ಬಸ್ಸಿನಲ್ಲಿ ಮೇಟೂರಿನ ಹತ್ತಿರದ ಪಾಲಮಲೆ ಬೆಟ್ಟದ ಬುಡಕ್ಕೆ ಕರೆದುಕೊಂಡು ಹೋದ. ನಾಲ್ಕು ತಲೆಮಾರಿನ ಮನೆ, ಕನ್ನಡದ ಒಕ್ಕಲಿಗರದು, ಸುತ್ತ ಬೇಕಾದಷ್ಟು ಬಯಲು ಎಂದು ಹೇಳಿದ್ದ. ಲಕ್ಷ್ಮಿ ಅಲ್ಲಿಯೂ ಕಾಲು ಮುರಿದುಕೊಂಡು ಬಿದ್ದಿದ್ದಳು.

ನೋಡಿದರೆ ಮಣ್ಣಿನ ಗೋಡೆ ಇನ್ನೂ ಹಸಿ ವಾಸನೆ ಹೊಡೆಯುತ್ತಿತ್ತು. ಹೋದ ವರ್ಷ ಕಟ್ಟಿದ್ದು. ಮುಂಬಾಗಿಲು ಮಾತ್ರ ಅರಮನೆಗೆ ಇಡುವಂಥದ್ದು. ಹಿತ್ತಾಳೆ ಗುಬುಟು, ಚೌಕಟ್ಟಿನ ತುಂಬ ಬಳ್ಳಿ, ಗಿಳಿ. ಗುಡಿಸಲಿಗಿಂತ ಸ್ವಲ್ಪ ದೊಡ್ಡದಾದ ಆ ಮನೆಗೆ ಅಂಥ ಬಾಗಿಲು, ಮಗು ತಲೆಗೆ ತಾತನ ಪೇಟ ಇಟ್ಟ ಹಾಗಿತ್ತು. ನಾಲ್ಕು ತಲೆಮಾರು ಎಲ್ಲಿ ಎಂದು ಮಾವ ಕೇಳಿದರು. ದಲ್ಲಾಳಿ ಬಾಗಿಲು ತೋರಿಸಿದ.

ವಿಷಯ ಏನೆಂದರೆ, ಅವರ ಹಳೆಯ ಊರು ಮೇಟೂರು ಕಟ್ಟೆಯ ನೀರಿನಲ್ಲಿ ಮುಳುಗಿತ್ತು. ಊರು ಬಿಡುವಾಗ ಮನೆ ಹೊತ್ತು ತರಲಾಗದೆ ಬಾಗಿಲನ್ನು ಕಿತ್ತು ಗಾಡಿಗೆ ಹಾಕಿಕೊಂಡು ಬಂದಿದ್ದರು. ಈಗ ಬೆಟ್ಟದ ಮೇಲೆ ಜಮೀನು ಸಿಕ್ಕಿತ್ತು, ಅಲ್ಲಿಗೆ ಹೊರಟಿದ್ದರು. ಮಾವನಿಗೆ ಮನೆ ಒಗ್ಗಲಿಲ್ಲ. ಆದರೂ ಕೇಳಬೇಕಲ್ಲ ಎಂದು ಬಾಗಿಲೂ ಸೇರಿ ಎಷ್ಟು ಎಂದರು. ಆ ಮನೆಯ ಮುದುಕಿ ರಾಗಿ ಕೇರುತ್ತಾ ಹೊಸ್ತಿಲಲ್ಲೇ ಕೂತಿದ್ದಳು. ಮೊರ ಕೆಳಗಿಟ್ಟಳು.

"ಮನೆ ತಗೊಳ್ಳಿ ಅಣ್ಣಾ. ಬಾಗ್ಲು ನಮ್ ಜೊತೇಲಿ ಬತ್ತೈತೆ."

ಬಾಗಿಲಿಲ್ಲದ ಮನೆಯನ್ನು ಯಾರು ಕೊಳ್ಳುತ್ತಾರೆ ಎಂದು ದಲ್ಲಾಳಿ ಗೋಗರೆದ. ಈಗಾಗಲೇ ಮೂವರು ಬಂದು ಇದನ್ನೇ ಹೇಳಿ ಹೋದರೆಂದು ಮುದುಕಿಯ ಮಗ ಕೈ ಚೆಲ್ಲಿದ. ನಮ್ಮ ಅಜ್ಜಿ ಮಾತ್ರ ಹೋಗಿ ಆ ಮುದುಕಿಯ ಪಕ್ಕದಲ್ಲಿ ಹೊಸ್ತಿಲ ಮೇಲೆ ಕೂತಳು. ಬಾಗಿಲ ಗಿಳಿಯನ್ನು ಬೆರಳಿನಿಂದ ತಡವಿದಳು. ಇಬ್ಬರೂ ಎಲೆ ಅಡಿಕೆ ಹಂಚಿಕೊಂಡರು. ಬಸ್ಸಿಗೆ ಹೊತ್ತಾಯಿತು ಎಂದು ಕರೆದಾಗ ಅಜ್ಜಿ ಎದ್ದು, ಯಾರು ಕೇಳಿದರೂ ಬಾಗಿಲು ಬಿಡಬೇಡ ಎಂದು ಅವಳಿಗೆ ಹೇಳಿ ಬಂದಳು. ನನ್ನ ಕಣ್ಣೂ ಒದ್ದೆಯಾಯಿತು, ಸುಳ್ಳೇಕೆ ಹೇಳಲಿ.

ಬಸ್ಸಿನಲ್ಲಿ ದಲ್ಲಾಳಿ ತಲೆ ಮೇಲೆ ಕೈಹೊತ್ತು ಕೂತಿದ್ದ. ಮನೆ ನೋಡಲು ಕರೆದುಕೊಂಡು ಹೋದರೆ ಮಾರುವವರಿಗೇ ಧೈರ್ಯ ಹೇಳಿ ಬರುವ ಗಿರಾಕಿಗಳು ತನಗೆ ಸಿಕ್ಕರಲ್ಲ ಎಂದು ಪಕ್ಕದವರಿಗೆಲ್ಲ ಹೇಳಿಕೊಂಡ.

೫. ಸೊಂಟದುದ್ದ

ದೀಪಾವಳಿ ಇನ್ನೇನು ಬಂತು ಎನ್ನುವಾಗ ದಲ್ಲಾಳಿ ಓಡುತ್ತಾ ಬಂದ. ಕೊಡೆ ಸಹ ತಂದಿರಲಿಲ್ಲ. ಪಿಂಚಣಿದಾರರು ಮನೆ ಮಾರುತ್ತಾರಂತೆ, ಇವತ್ತೇ ಬರಬೇಕಂತೆ. ಮಧ್ಯೆ ಬೇರೆ ಯಾರೋ ಬಂದು ನೋಡಿ, ಒಳಗೆ ಕಾಲಿಟ್ಟ ಕೂಡಲೇ ಹಿಂದಕ್ಕೆ ಹೋದರಂತೆ. ಯಾಕೆ ಎಂದು ಅವನಿಗೂ ಗೊತ್ತಿಲ್ಲ. ಅದಕ್ಕೂ ಮುಂಚೆ ಪಿಂಚಣಿದಾರರು ಬಾಗಿಲು ಹಾಕಿಕೊಂಡೇ ಇದ್ದರು, ಒಳಗಿನಿಂದ ದಡದಡ ಸದ್ದು ಬರುತ್ತಿತ್ತು ಎಂದು ಅಕ್ಕಪಕ್ಕದವರು ಹೇಳಿದರಂತೆ.

ಈ ಸಲ ಚಿಕ್ಕಮಾವನೂ ಬಂದರು. ಬಾಗಿಲು ತೆಗೆದ ಪಿಂಚಣಿದಾರರನ್ನು ನಾನು ಮೊದಲು ಗುರುತು ಹಿಡಿಯಲಿಲ್ಲ. ಸೊರಗಿದ್ದರು. ಕಚೇರಿಯ ಲೇಖನಿ ಹಿಡಿದ ಆ ಅಂಗೈಗಳಲ್ಲಿ ಬೊಬ್ಬೆ. ಅವರು ಪಕ್ಕಕ್ಕೆ ಸರಿದು ನಿಂತರು.

ಪಡಸಾಲೆಯ ತುಂಬ ಗುಂಡಿ.

ಮಾವ "ಇಲ್ಲೊಂದು" ಎಂದ ಕಡೆ ಒಂದು. "ಇಲ್ಲೂ ಐತೆ" ಎಂದ ಕಡೆ ಇನ್ನೊಂದು. ಹಿಮ್ಮಡಿ ಕುಟ್ಟಿದ ಕಡೆಯೆಲ್ಲ, ಒಂದನ್ನೂ ಬಿಡದೆ, ಸಾಲಾಗಿ ನಾಲ್ಕು. ಒಂದೊಂದೂ ಸರಿಯಾಗಿ ಸೊಂಟದುದ್ದ. ಮಣ್ಣೆಲ್ಲ ತೊಟ್ಟಿಯಲ್ಲಿ ರಾಶಿ. ಗೆದ್ದಲು ಬಂದಿತ್ತು, ಅದಕ್ಕೆ ಸ್ವಲ್ಪ ಅಗೆಯಬೇಕಾಯಿತು ಎಂದು ಪಿಂಚಣಿದಾರರು ಗೋಡೆಯ ಕಡೆ ನೋಡುತ್ತಾ ಹೇಳಿದರು.

ನಾನು ಬೇರೆ ಯಾವುದನ್ನೂ ನೋಡದೆ ಒಳಗೆ ಓಡಿದೆ. ಇಡೀ ಮನೆಯಲ್ಲಿ ಗುದ್ದಲಿ ತಾಗದೆ ಉಳಿದದ್ದು ಅಡುಗೆಮನೆ ಒಂದೇ. ನಮ್ಮ ಮನೆಯ ಗಂಡಸರು ಅಲ್ಲಿ ಕಾಲಿಟ್ಟಿರಲಿಲ್ಲವಲ್ಲ. ಗಂಡಸರು ಅಡುಗೆಮನೆ ಕಡೆ ತಿರುಗಿ ನೋಡದಿರುವುದರಿಂದ ಒಳ್ಳೆಯದಾದದ್ದು ನನ್ನ ಜೀವಮಾನದಲ್ಲಿ ಅದೊಂದೇ ಸಲ.

ವಾಪಸು ಬರುವಷ್ಟರಲ್ಲಿ ಚಿಕ್ಕಮಾವ ಒಂದು ಗುಂಡಿಯ ಅಂಚಿನಲ್ಲಿ ಕೂತು ಕಾಲು ಇಳಿಬಿಟ್ಟಿದ್ದರು. ಹಲಗೆ ತುಳಿಯುವ ಹಾಗೆ ಒಂದು ಕಾಲು, ಆಮೇಲೆ ಇನ್ನೊಂದು ಕಾಲು ಆಡಿಸಿದರು. ಕೈ ತಾನಾಗಿಯೇ ಲಾಳಿ ಎಸೆಯುವ ಹಾಗೆ ಅತ್ತಿತ್ತ ಹೋಯಿತು. ಅವರು ಅಣ್ಣನ ಮುಖ ನೋಡಿದರು.

"ಅಳತೆ ತಗೊಂಡ್ ತೋಡ್ದಂಗೈತೆ ಅಣ್ಣಾ. ನಾನ್ ಧರ್ಮಪುರಿಗ್ ಓಗಾಕಿಲ್ಲ," ಅಂದರು.

ಲಕ್ಷ್ಮಿ ಕಾಲು ಮುರಿದುಕೊಂಡಿದ್ದು ಹೇಗೆ ಎಂದು ಈಗ ಗೊತ್ತಾಯಿತು ಎಂದು ಮಾವ ದಲ್ಲಾಳಿಗೆ ಹೇಳಿದರು. ಅವರು ತಮಾಷೆ ಮಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಪಿಂಚಣಿದಾರರು ಚಿಕ್ಕಮಾವನ ಕಾಲನ್ನೇ ನೋಡುತ್ತಿದ್ದರು. ಆ ಕಾಲಾಡಿಸುವುದನ್ನು ಅವರು ಸೇಲಂನ ಯಾವ ಬೀದಿಯಲ್ಲಿ ತಾನೇ ನೋಡಿಲ್ಲ. ನಿಧಾನವಾಗಿ ತೂಗುಮಣೆಯ ಮೇಲೆ ಕುಸಿದರು.

"ಮಗ್ಗಕ್ಕಾ?" ಎಂದರು.

ಇನ್ನು ಮುಚ್ಚಿಡುವುದರಲ್ಲಿ ಏನೂ ಇರಲಿಲ್ಲ. ಹೌದು ಎಂದು ಮಾವ ಕೈ ಮುಗಿದರು. ಆಮೇಲೆ ಎಲ್ಲ ಹೊರಗೆ ಬಂತು. ಅವರ ತಾತನ ತಾತ ಶಂಕಗಿರಿ ಕೋಟೆಯಲ್ಲಿ ಚಾಕರಿ ಮಾಡಿದವರಂತೆ. ಕೋಟೆ ಬಿಟ್ಟು ಬರುವಾಗ ಒಂದು ಕೊಪ್ಪರಿಗೆ ಹೊನ್ನು ತಂದು ಈ ಮನೆಯಲ್ಲಿ ಹೂತಿದ್ದಾರೆಂದು ಮನೆಯ ಹೆಂಗಸರು ಪಿಸುಪಿಸು ಮಾತಾಡುವುದನ್ನು ಇವರು ತೊಟ್ಟಿಲಿನಿಂದಲೇ ಕೇಳಿ ಬೆಳೆದವರು. ಯಾವತ್ತೂ ನಂಬಿರಲಿಲ್ಲ. ಆದರೆ ಜವಳಿ ವ್ಯಾಪಾರಿ ಒಬ್ಬ ಬಂದು ಗೋಡೆ ಬೇಡ ನೆಲ ಸಾಕು ಎಂದು ಹೇಳಿ, ಹಿಮ್ಮಡಿಯಿಂದ ಕುಟ್ಟಿ ಜಾಗ ಗೊತ್ತು ಮಾಡಿ, ಆಳವನ್ನೂ ಪಿಸುಗುಟ್ಟಿದ ಮೇಲೆ ಯಾರು ತಾನೇ ನಂಬದೆ ಇದ್ದಾರು. ಆಳುಗಳನ್ನು ಕರೆದರೆ ಗುಟ್ಟು ಒಡೆಯುತ್ತದೆ ಎಂದು, ಈ ವಯಸ್ಸಿನಲ್ಲಿ ಗಂಡ ಹೆಂಡತಿ ಇಬ್ಬರೇ ಅಗೆದಿದ್ದರು. ಸಿಕ್ಕಿದ್ದು ಒಂದು ತುಕ್ಕು ಹಿಡಿದ ಸೌಟು.

ಆ ಸೌಟನ್ನು ಅವರ ಹೆಂಡತಿ ತಂದು ತೋರಿಸಿದರು. ನಗಬಾರದೆಂದು ನಾನು ಸೆರಗು ಬಾಯಿಗಿಟ್ಟುಕೊಂಡೆ. ಆದರೆ ಆ ತಾಯಿಯೇ ಮೊದಲು ನಕ್ಕರು, ಆಮೇಲೆ ಎಲ್ಲರೂ ನಕ್ಕರು. ಕೊನೆಗೆ ಪಿಂಚಣಿದಾರರೂ ನಕ್ಕರು. ಕ್ರಯ ಹಿಂದಿನದೇ ಇರಲಿ ಎಂದು ಮಾವ ಹೇಳಿದರು. ತೋಡಿದ ಕೂಲಿಯೂ ಕೊಡಬೇಕು ಎಂದು ಚಿಕ್ಕಮಾವ ಗುಂಡಿಯಲ್ಲಿ ಕೂತೇ ಹೇಳಿದರು. ಬೀದಿಯವರ ವಿಷಯ ತಮಗೆ ಬಿಡಿ, ಇಷ್ಟು ದಿನ ತಮ್ಮ ಗುದ್ದಲಿ ಸದ್ದು ಕೇಳಿದವರಿಗೆ ಮಗ್ಗದ ಸದ್ದು ಸಂಗೀತವಾಗಿ ಕೇಳುತ್ತದೆ ಎಂದರು ಪಿಂಚಣಿದಾರರು.

ಎಲ್ಲ ಒಪ್ಪಿ, ತಾಂಬೂಲ ಬದಲಾಯಿಸಿದ್ದಾಯಿತು. ಆದರೂ ಪಿಂಚಣಿದಾರರಿಗೆ ಒಂದು ಮಾತು ಗಂಟಲಲ್ಲೇ ಸಿಕ್ಕಿಕೊಂಡಿತ್ತು. ಅಜ್ಜಿಯನ್ನು ಪೂರ್ವದ ಕಿಟಕಿಯ ಹತ್ತಿರ ಕರೆದುಕೊಂಡು ಹೋದರು. ನಾನು ಕೈ ಹಿಡಿದು ನಡೆಸಿದೆ. ಅಲ್ಲಿ ಐದನೆಯ ಗುಂಡಿ ಇತ್ತು. ಉಳಿದ ನಾಲ್ಕು ಸೊಂಟದುದ್ದವಾದರೆ ಇದು ಆಳುದ್ದಕ್ಕೂ ಹೆಚ್ಚು. ಏಣಿ ಇಟ್ಟು ಇಳಿದು ತೋಡಿದ್ದರು. ಉದ್ದಕ್ಕೆ, ಒಬ್ಬರು ಕಾಲು ಚಾಚಿ ಮಲಗುವಷ್ಟು.

"ಅಜ್ಜಿ, ಮಿಕ್ಕಿದ್ದೆಲ್ಲ ಮಗ್ಗಕ್ಕೆ ಸರಿ. ಇಲ್ಲಿ ನೀವೇ ಕೋಲಲ್ಲಿ ಕುಟ್ಟಿದಿರಿ, ನಕ್ಕಿರಿ, ಇದು ನಂದು, ಯಾರಿಗೂ ಕೊಡೋದಿಲ್ಲ ಅಂದಿರಿ. ಮನೆ ಈಗ ನಿಮ್ಮದೇ ಆಯಿತು. ಇನ್ನಾದರೂ ಹೇಳಿ, ಇಲ್ಲಿ ಏನಿದೆ?"

ಅಜ್ಜಿ ಕೋಲು ಊರಿ, ಮಂಜು ಕಣ್ಣು ಕಿರಿದು ಮಾಡಿ ಬಗ್ಗಿ ನೋಡಿದಳು. ಕೋಲನ್ನು ಒಳಗೆ ಇಳಿಬಿಟ್ಟಳು. ತಳ ಸಿಗಲಿಲ್ಲ. ಕಿಟಕಿಯಿಂದ ತಣ್ಣನೆಯ ಗಾಳಿ ಬಂದು ಅವಳ ಮುಂಗುರುಳು ಹಾರಿತು. ಅವಳು ನೆಟ್ಟಗೆ ನಿಂತು ಪಿಂಚಣಿದಾರರನ್ನು ನೋಡಿದಳು.

"ಏನೂ ಇಲ್ಲ ಸಾಮಿ. ಗಾಳಿ ಚೆನ್ನಾಗೈತೆ, ಇಲ್ಲೇ ಚಾಪೆ ಆಕ್ಕೊಂಡು ಮಲ್ಗಾನ ಅಂತ ನೋಡ್ದೆ. ಮಲ್ಗಾಕೆ ಜಾಗ ಕೇಳುದ್ರೆ ನೀವು ಹೂಳಾಕೇ ತೋಡಿ ಮಡಗಿದ್ದೀರಲ್ಲ."